ಲೋಳೆಸರದ ಅಲರ್ಜಿ: ಗುರುತಿಸುವಿಕೆ ಮತ್ತು ನಿರ್ವಹಣೆ
(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಲೋಳೆಸರವು ಹಿತ್ತಲಿನಲ್ಲಿಯೂ ಕುಂಡದಲ್ಲಿಯೂ ಸುಲಭವಾಗಿ ಬೆಳೆಯುವ ಔಷಧೀಯ ಸಸ್ಯ. ಸುಟ್ಟ ಗಾಯ, ಬಿಸಿಲಿನ ಉರಿ, ತಲೆಹೊಟ್ಟು, ಒಣಚರ್ಮ ಮುಂತಾದವುಗಳಿಗೆ ಇದರ ತಿರುಳನ್ನು ಹಚ್ಚುವ ರೂಢಿ ಈ ಭಾಗದಲ್ಲಿ ಬಹುಕಾಲದಿಂದ ಇದೆ. ಹೆಚ್ಚಿನವರಿಗೆ ಇದರಿಂದ ತೊಂದರೆಯಾಗುವುದಿಲ್ಲ. ಆದರೆ ಕೆಲವರ ಚರ್ಮಕ್ಕೆ ಈ ಸಸ್ಯವು ಒಗ್ಗದು. ಅಂತಹವರಲ್ಲಿ ತುರಿಕೆ ಕಾಣಿಸಿಕೊಂಡಾಗ, ಆ ತುರಿಕೆಯ ಶಮನಕ್ಕೆಂದು ಪುನಃ ಲೋಳೆಸರವನ್ನೇ ಹಚ್ಚಲಾಗುತ್ತದೆ. ಮದ್ದೇ ಬೇನೆಗೆ ಕಾರಣವಾಗಿರುವುದು ಯಾರ ಗಮನಕ್ಕೂ ಬಾರದೆ ವಾರಗಟ್ಟಲೆ ಕಳೆಯುತ್ತದೆ. ಈ ಸಂದರ್ಭದಲ್ಲಿ ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಎಲೆಯಲ್ಲಿರುವ ಎರಡು ಪದಾರ್ಥಗಳು

ಲೋಳೆಸರದ ಎಲೆಯನ್ನು ಕತ್ತರಿಸಿದ ಕೂಡಲೇ ಸಿಪ್ಪೆಯ ಒಳಅಂಚಿನಿಂದ ಹಳದಿ ಬಣ್ಣದ ಕಹಿ ರಸವು ಒಸರುತ್ತದೆ. ನಡುವಿನಲ್ಲಿರುವ ಬಣ್ಣವಿಲ್ಲದ ಲೋಳೆಯೇ ತಿರುಳು. ಇವೆರಡೂ ಒಂದೇ ಅಲ್ಲ. ಹಳದಿ ರಸದಲ್ಲಿ ಅಲೋಯಿನ್ ಮೊದಲಾದ ತೀಕ್ಷ್ಣ ರಾಸಾಯನಿಕಗಳಿವೆ. ಹೊಟ್ಟೆಗೆ ಸೇರಿದರೆ ಅದು ಭೇದಿಯನ್ನುಂಟುಮಾಡುತ್ತದೆ, ಚರ್ಮಕ್ಕೆ ತಗುಲಿದರೆ ಉರಿಯನ್ನು ತರಬಲ್ಲದು. ಈ ರಸವನ್ನು ಬಳಸಿ ತಯಾರಿಸಿದ ಭೇದಿ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದಕ್ಕೆ ಅಮೆರಿಕ ದೇಶವು 2002ರಲ್ಲಿ ತಡೆ ಹಾಕಿತು.

ಎಲೆಯನ್ನು ಮುರಿದು ಹಾಗೆಯೇ ಗಾಯದ ಮೇಲೆ ಉಜ್ಜಿದಾಗ ಹಳದಿ ರಸವೂ ಚರ್ಮಕ್ಕೆ ತಗುಲುತ್ತದೆ. ಲೋಳೆಸರ ಒಗ್ಗಲಿಲ್ಲವೆಂಬ ಅನೇಕ ದೂರುಗಳ ಮೂಲ ಇಲ್ಲಿಯೇ ಇರುವುದು. ಆದುದರಿಂದ ಎಲೆಯನ್ನು ಕೊಯ್ದ ನಂತರ ಕತ್ತರಿಸಿದ ತುದಿ ಕೆಳಗಾಗುವಂತೆ ಪಾತ್ರೆಯಲ್ಲಿ ಹದಿನೈದು ನಿಮಿಷ ನಿಲ್ಲಿಸಿ, ರಸವು ಇಳಿದುಹೋದ ಮೇಲೆ ತೊಳೆದು, ಸಿಪ್ಪೆಯನ್ನು ದಪ್ಪವಾಗಿ ಹೆರೆದು, ತಿರುಳನ್ನು ಮತ್ತೊಮ್ಮೆ ತೊಳೆದು ಉಪಯೋಗಿಸತಕ್ಕದ್ದು. ಇಷ್ಟು ಎಚ್ಚರ ವಹಿಸಿದ ಮೇಲೂ ತುರಿಕೆ ಬಂದಲ್ಲಿ ಅಲರ್ಜಿಯ ಸಾಧ್ಯತೆಯನ್ನು ಪರಿಶೀಲಿಸಬೇಕು.

ಉರಿ ಮತ್ತು ಅಲರ್ಜಿ: ವ್ಯತ್ಯಾಸ

ಹಚ್ಚಿದ ಕೆಲವು ನಿಮಿಷಗಳಲ್ಲಿ ಅಥವಾ ಕೆಲವು ಗಂಟೆಗಳೊಳಗೆ ಉರಿಯುಂಟಾಗಿ, ಕೆಂಪು ಬಣ್ಣವು ಹಚ್ಚಿದ ಜಾಗಕ್ಕಷ್ಟೇ ಸೀಮಿತವಾಗಿದ್ದು, ತೊಳೆದ ನಂತರ ತಗ್ಗಿದರೆ ಅದು ಸಾಮಾನ್ಯವಾಗಿ ರಸದ ತೀಕ್ಷ್ಣತೆಯಿಂದಾದ ಉರಿಯಾಗಿರುತ್ತದೆ. ಇದು ಯಾರಿಗಾದರೂ ಆಗಬಹುದು.

ಅಲರ್ಜಿಯ ಲಕ್ಷಣ ಬೇರೆ. ಹಚ್ಚಿದ ದಿನ ಏನೂ ಕಾಣುವುದಿಲ್ಲ. 24ರಿಂದ 72 ಗಂಟೆಗಳ ನಂತರ ತುರಿಕೆ ಆರಂಭವಾಗಿ, ಚರ್ಮವು ಕೆಂಪಾಗಿ, ಸಣ್ಣ ನೀರ್ಗುಳ್ಳೆಗಳೆದ್ದು, ಹಚ್ಚಿದ ಜಾಗದ ಹೊರಗೂ ಹರಡಬಹುದು. ರೋಗಿಯು ಇಂದಿನ ತುರಿಕೆಗೆ ಇಂದಿನ ಊಟವನ್ನೋ ಇಂದಿನ ಸಾಬೂನನ್ನೋ ಕಾರಣವೆಂದು ಭಾವಿಸುತ್ತಾನೆ. ಮೊನ್ನೆ ಹಚ್ಚಿದ ಲೋಳೆಸರವು ನೆನಪಿಗೆ ಬರುವುದಿಲ್ಲ. ವೈದ್ಯರು ಹಿಂದಿನ ಮೂರು ನಾಲ್ಕು ದಿನಗಳ ವಿವರವನ್ನು ಕೇಳುವುದು ಇದಕ್ಕಾಗಿಯೇ.

"ಹತ್ತು ವರ್ಷಗಳಿಂದ ಹಚ್ಚುತ್ತಿದ್ದೇವೆ, ಈಗೇಕೆ ಆಗುತ್ತದೆ?" ಎಂಬ ಪ್ರಶ್ನೆ ಸಹಜ. ಮೊದಲ ಸ್ಪರ್ಶದಲ್ಲಿಯೇ ಅಲರ್ಜಿ ಕಾಣಿಸುವುದಿಲ್ಲ. ಶರೀರವು ಆ ಪದಾರ್ಥವನ್ನು ಶತ್ರುವೆಂದು ಗುರುತಿಸಿಕೊಳ್ಳಲು ಕಾಲ ಬೇಕು. ಅದು ಕೆಲವು ದಿನಗಳಾಗಬಹುದು, ವರ್ಷಗಳೂ ಆಗಬಹುದು. ಒಮ್ಮೆ ಗುರುತಿಸಿಕೊಂಡ ಮೇಲೆ ಆ ನೆನಪು ಸಾಮಾನ್ಯವಾಗಿ ಅಳಿಯುವುದಿಲ್ಲ. ಒಡೆದ ಚರ್ಮದ ಮೂಲಕ ಈ ಕ್ರಿಯೆ ಸುಲಭವಾಗಿ ನಡೆಯುತ್ತದೆ. ಕಬ್ಬು ಕಟಾವಿನ ಕಾಲದಲ್ಲಿ ಗರಿಗಳ ಅಂಚಿನಿಂದ ಕೈ ಮತ್ತು ಕುತ್ತಿಗೆಗೆ ಗೀರುಗಳಾದಾಗ ಪ್ರತಿದಿನ ಲೋಳೆಸರವನ್ನು ಹಚ್ಚುವವರು ಈ ಅಂಶವನ್ನು ಗಮನದಲ್ಲಿಡಬೇಕು.

ಇತರ ಕಾರಣಗಳೊಂದಿಗೆ ಗೊಂದಲ

ಈ ತಾಲ್ಲೂಕುಗಳಲ್ಲಿ ಚರ್ಮದ ತುರಿಕೆಗೆ ಲೋಳೆಸರವೊಂದೇ ಕಾರಣವಲ್ಲ, ಅದು ಮುಖ್ಯ ಕಾರಣವೂ ಅಲ್ಲ. ಬದುಗಳಲ್ಲಿ ಮತ್ತು ರಸ್ತೆಬದಿಯಲ್ಲಿ ಬೆಳೆಯುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಹುಲ್ಲಿನ ಅಲರ್ಜಿಯು ಇದಕ್ಕಿಂತ ಹೆಚ್ಚು ಸಾಮಾನ್ಯ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಈ ಕಳೆಯು ಬಳಿಕ ಕರ್ನಾಟಕದಾದ್ಯಂತ ಹರಡಿತು. ಅದರ ಒಣಗಿದ ಕಣಗಳು ಗಾಳಿಯಲ್ಲಿ ತೇಲಿಬರುವುದರಿಂದ ತುರಿಕೆಯು ಕಣ್ಣುರೆಪ್ಪೆ, ಮುಖ, ಕುತ್ತಿಗೆ ಹಾಗೂ ಮೊಣಕೈ ಮಡಿಕೆಗಳಲ್ಲಿ ಕಾಣಿಸುತ್ತದೆ. ಲೋಳೆಸರದ ಅಲರ್ಜಿಯಾದರೋ ಹಚ್ಚಿದ ಕಡೆಯಿಂದ ಆರಂಭವಾಗುತ್ತದೆ. ಪಾರ್ಥೇನಿಯಂ ತುರಿಕೆಯಿರುವ ಮುಖಕ್ಕೆ ಲೋಳೆಸರವನ್ನು ಹಚ್ಚಿಕೊಂಡಿದ್ದರೆ ಎರಡನ್ನೂ ಬೇರ್ಪಡಿಸುವುದು ತಜ್ಞರಿಗೂ ಕಷ್ಟವಾಗುತ್ತದೆ.

ಪಾರ್ಥೇನಿಯಂ ಅಲರ್ಜಿಯುಳ್ಳವರಿಗೆ ಅದೇ ಸಸ್ಯಕುಲಕ್ಕೆ ಸೇರಿದ ಸೇವಂತಿಗೆ, ಚೆಂಡು ಹೂವು, ಸೂರ್ಯಕಾಂತಿ ಮತ್ತು ಕೂದಲಿಗೆ ಬಳಸುವ ಗರಗದ ಸೊಪ್ಪು ಸಹ ಒಗ್ಗದಿರಬಹುದು. ಲೋಳೆಸರವು ಬೇರೆ ಕುಲದ್ದು. ಆದುದರಿಂದ ಒಂದರ ಅಲರ್ಜಿಯಿದ್ದ ಮಾತ್ರಕ್ಕೆ ಇನ್ನೊಂದರದೂ ಇದೆಯೆಂದು ತಿಳಿಯಬೇಕಾಗಿಲ್ಲ. ನಿಪ್ಪಾಣಿ ಭಾಗದಲ್ಲಿ ಒದ್ದೆಯಾದ ತಂಬಾಕಿನ ಎಲೆಗಳನ್ನು ಕೀಳುವವರಿಗೆ ಬರುವ ವಾಂತಿ ಮತ್ತು ತಲೆಸುತ್ತು ಅಲರ್ಜಿಯೇ ಅಲ್ಲ. ಅದು ಚರ್ಮದ ಮೂಲಕ ಒಳಸೇರಿದ ನಿಕೋಟಿನ್‌ನ ಪರಿಣಾಮ.

ತುರಿಕೆ ಕಂಡುಬಂದಾಗ ಮಾಡಬೇಕಾದುದು

ಲೋಳೆಸರದ ಬಳಕೆಯನ್ನು ತಕ್ಷಣ ನಿಲ್ಲಿಸಬೇಕು. ಹಚ್ಚಿದ ಜಾಗವನ್ನು ಸಾಕಷ್ಟು ನೀರಿನಿಂದ ತೊಳೆದು, ತಣ್ಣೀರಿನಲ್ಲಿ ಅದ್ದಿದ ಶುದ್ಧ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಇಡಬಹುದು. ಅರಿಶಿನ, ಬೇವು, ನಿಂಬೆರಸ, ಬೆಳ್ಳುಳ್ಳಿ ಮುಂತಾದ ಬೇರೆ ಮನೆಮದ್ದುಗಳನ್ನು ಅದರ ಮೇಲೆ ಹಚ್ಚಬಾರದು. ಬೆಳ್ಳುಳ್ಳಿಯು ತಾನೇ ಚರ್ಮವನ್ನು ಸುಡಬಲ್ಲದು.

ಅಂಗಡಿಯಲ್ಲಿ ಕೇಳಿ ಪಡೆದ ಮುಲಾಮನ್ನು ಹಚ್ಚುವುದೂ ಅಪಾಯಕರ. ಇಂತಹ ಅನೇಕ ಮುಲಾಮುಗಳಲ್ಲಿ ತೀವ್ರ ಸ್ಟಿರಾಯ್ಡ್ ಇರುತ್ತದೆ. ಎರಡು ದಿನಗಳಲ್ಲಿ ತುರಿಕೆ ಅಡಗಿದರೂ ನಿರಂತರ ಬಳಕೆಯಿಂದ ಚರ್ಮವು ತೆಳುವಾಗುತ್ತದೆ, ಗಜಕರ್ಣವಿದ್ದಲ್ಲಿ ಅದು ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯ ಮೇಲೆಯೇ ಮಾರಬೇಕಾದ ಔಷಧಗಳ ಪಟ್ಟಿಗೆ ಸೇರಿಸಿತು. ವೈದ್ಯರು ನೀಡುವ ತುರಿಕೆಯ ಮಾತ್ರೆಗಳಲ್ಲಿ ಕೆಲವು ನಿದ್ರೆ ತರುತ್ತವೆ. ಅವುಗಳನ್ನು ಸೇವಿಸಿ ಟ್ರ್ಯಾಕ್ಟರ್ ಅಥವಾ ದ್ವಿಚಕ್ರ ವಾಹನವನ್ನು ನಡೆಸಕೂಡದು.

ಲೋಳೆಸರವನ್ನು ಹಚ್ಚಿದ ಅಥವಾ ಸೇವಿಸಿದ ಸ್ವಲ್ಪ ಹೊತ್ತಿನಲ್ಲಿ ಮೈಯೆಲ್ಲ ದದ್ದುಗಳೆದ್ದು, ತುಟಿ, ನಾಲಿಗೆ ಅಥವಾ ಗಂಟಲು ಊದಿಕೊಂಡು, ಉಸಿರಾಟಕ್ಕೆ ಕಷ್ಟವಾದರೆ ಅಥವಾ ತಲೆಸುತ್ತಿ ಬಿದ್ದರೆ ಅದು ತುರ್ತು ಪರಿಸ್ಥಿತಿ. ಇದು ಬಹಳ ಅಪರೂಪ, ಆದರೆ ಪ್ರಾಣಾಪಾಯಕರ. 108ಕ್ಕೆ ಕೂಡಲೇ ಕರೆ ಮಾಡತಕ್ಕದ್ದು. ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರಾಟದ ತೊಂದರೆಯಿದ್ದರೆ ಒರಗಿಸಿ ಕೂರಿಸಬೇಕು. ಬಾಯಿಗೆ ಏನನ್ನೂ ಹಾಕಬಾರದು. ಇದಕ್ಕೆ ಮುಖ್ಯ ಚಿಕಿತ್ಸೆ ತೊಡೆಗೆ ನೀಡುವ ಅಡ್ರಿನಲಿನ್ ಚುಚ್ಚುಮದ್ದು. ತುರಿಕೆಯ ಮಾತ್ರೆಯನ್ನು ನುಂಗಿಸಿ ಕಾಯುವುದರಿಂದ ಅಮೂಲ್ಯ ಸಮಯ ವ್ಯರ್ಥವಾಗುತ್ತದೆ.

ಆಸ್ಪತ್ರೆಗೆ ಹೋಗುವಾಗ

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ನಿಪ್ಪಾಣಿಯು ಮೊದಲು ಚಿಕ್ಕೋಡಿ ತಾಲ್ಲೂಕಿಗೂ ಕಾಗವಾಡವು ಅಥಣಿ ತಾಲ್ಲೂಕಿಗೂ ಸೇರಿದ್ದುದರಿಂದ ಹಲವರ ಹಳೆಯ ದಾಖಲೆಗಳಲ್ಲಿ ಹಿಂದಿನ ತಾಲ್ಲೂಕಿನ ಹೆಸರೇ ಇದೆ. ಅದನ್ನು ಸರಿಪಡಿಸಿಕೊಳ್ಳುವವರೆಗೆ ಚಿಕಿತ್ಸೆಯನ್ನು ಮುಂದೂಡಬಾರದು. ಗುರುತಿನ ಚೀಟಿ, ಪಡಿತರ ಚೀಟಿ ಮತ್ತು ಹಿಂದಿನ ಚಿಕಿತ್ಸೆಯ ಚೀಟಿಗಳೊಂದಿಗೆ, ಹಚ್ಚಿದ ಸಸ್ಯದ ಎಲೆಯನ್ನು ಕಾಗದದಲ್ಲಿ ಸುತ್ತಿ ಅಥವಾ ಕ್ರೀಮಿನ ಡಬ್ಬಿಯನ್ನು ಒಯ್ಯುವುದು ಒಳ್ಳೆಯದು.

ಅಲರ್ಜಿಯನ್ನು ಖಚಿತಪಡಿಸಲು ಚರ್ಮರೋಗ ತಜ್ಞರು ಪ್ಯಾಚ್ ಪರೀಕ್ಷೆಯನ್ನು ಸೂಚಿಸಬಹುದು. ಸಂಶಯಿತ ಪದಾರ್ಥಗಳನ್ನು ಬೆನ್ನಿನ ಮೇಲೆ ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ನೋಡಲಾಗುತ್ತದೆ. ಅಂದರೆ ಒಂದೇ ವಾರದಲ್ಲಿ ಮೂರು ಬಾರಿ ಬರಬೇಕಾಗುತ್ತದೆ, ಅಷ್ಟು ದಿನ ಬೆನ್ನನ್ನು ಒದ್ದೆ ಮಾಡುವಂತಿಲ್ಲ. ಕೂಲಿ ಕೆಲಸದವರು ಇದನ್ನು ಮೊದಲೇ ತಿಳಿದು ದಿನ ಗೊತ್ತುಮಾಡಿಕೊಳ್ಳುವುದು ಲೇಸು. ಈ ಪರೀಕ್ಷೆ ಎಲ್ಲ ಆಸ್ಪತ್ರೆಗಳಲ್ಲಿ ದೊರೆಯುವುದಿಲ್ಲ. ಬೆಳಗಾವಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ವಿಚಾರಿಸಬೇಕು. ಒಮ್ಮೆ ಅಲರ್ಜಿಯಾದವರು ಮನೆಯಲ್ಲಿ ತಾವೇ ಮತ್ತೆ ಹಚ್ಚಿ ಪರೀಕ್ಷಿಸಬಾರದು.

ಒಂದು ಸಸ್ಯ, ಹಲವು ಹೆಸರು

ಗಡಿಭಾಗದಲ್ಲಿ ಇದು ವಿಶೇಷ ಗಮನಕ್ಕೆ ಅರ್ಹವಾದ ವಿಷಯ. ಕನ್ನಡದಲ್ಲಿ ಲೋಳೆಸರವೆನ್ನುವುದನ್ನು ಮರಾಠಿಯಲ್ಲಿ ಕೋರಫಡ ಎನ್ನುತ್ತಾರೆ. ಆಯುರ್ವೇದದಲ್ಲಿ ಅದು ಕುಮಾರಿ, ಕುಮಾರ್ಯಾಸವದಲ್ಲಿರುವುದೂ ಇದೇ. ಕ್ರೀಮು, ಶಾಂಪೂ, ಸಾಬೂನು, ಮಕ್ಕಳ ಒರೆಸುವ ಬಟ್ಟೆಗಳ ಪೊಟ್ಟಣದ ಮೇಲೆ ಅಲೋವೆರಾ ಎಂದೋ, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಅಲೋ ಬಾರ್ಬಡೆನ್ಸಿಸ್ ಎಂದೋ ಮುದ್ರಿತವಾಗಿರುತ್ತದೆ. ಲೋಳೆಸರ ಬೇಡವೆಂದು ಹಿತ್ತಲಿನ ಗಿಡವನ್ನು ಕಿತ್ತೆಸೆದವರೇ ಪೇಟೆಯಿಂದ ಅದೇ ಬೆರೆತ ಕ್ರೀಮನ್ನು ತಂದು ಹಚ್ಚಿಕೊಳ್ಳುವುದುಂಟು.

ನಿಪ್ಪಾಣಿಯಿಂದ ಕೊಲ್ಹಾಪುರಕ್ಕೂ ಕಾಗವಾಡದಿಂದ ಮೀರಜಕ್ಕೂ ಚಿಕಿತ್ಸೆಗೆ ಹೋಗುವವರು ಅನೇಕರಿದ್ದಾರೆ. ಆದ್ದರಿಂದ ಹೊರರೋಗಿ ಚೀಟಿಯಲ್ಲಿ ಅಲರ್ಜಿಯ ವಿಷಯವನ್ನು ನಮೂದಿಸುವಂತೆ ವೈದ್ಯರನ್ನು ಕೋರಿ, ಈ ಎಲ್ಲ ಹೆಸರುಗಳನ್ನು ಬರೆಸಿಕೊಂಡು ಚೀಟಿಯನ್ನು ಜೋಪಾನವಾಗಿಡತಕ್ಕದ್ದು. ಗರ್ಭಿಣಿಯರು ಅಲರ್ಜಿಯಿರಲಿ ಇಲ್ಲದಿರಲಿ, ವೈದ್ಯರ ಸಲಹೆಯಿಲ್ಲದೆ ಲೋಳೆಸರದ ರಸವನ್ನು ಸೇವಿಸಬಾರದು.

ಔಷಧದಿಂದಾದ ದುಷ್ಪರಿಣಾಮವನ್ನು ವರದಿ ಮಾಡುವುದು

ಔಷಧಗಳ ದುಷ್ಪರಿಣಾಮವನ್ನು ರೋಗಿಯೇ ನೇರವಾಗಿ ತಿಳಿಸಲು ಅವಕಾಶವಿದೆ. ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ದೂರವಾಣಿ ಸಂಖ್ಯೆ 1800-180-3024ಕ್ಕೆ ಕೆಲಸದ ದಿನಗಳಲ್ಲಿ ಕರೆ ಮಾಡಬಹುದು. ಆಯುರ್ವೇದ ಔಷಧಗಳಿಗಾಗಿ ಆಯುಷ್ ಸಚಿವಾಲಯವು ಪ್ರತ್ಯೇಕ ವ್ಯವಸ್ಥೆಯನ್ನು ಹೊಂದಿದೆ, ಅದರ ರಾಷ್ಟ್ರೀಯ ಸಮನ್ವಯ ಕೇಂದ್ರವು ನವದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿದೆ. ಸಮೀಪದ ಸರ್ಕಾರಿ ಆಯುರ್ವೇದ ಚಿಕಿತ್ಸಾಲಯದ ವೈದ್ಯಾಧಿಕಾರಿಗಳಲ್ಲಿಯೂ ಈ ಬಗ್ಗೆ ವಿಚಾರಿಸಬಹುದು. ವರದಿ ಮಾಡುವಾಗ ಔಷಧದ ಹೆಸರು, ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಬಳಸಿದ ದಿನಾಂಕ ಮತ್ತು ತೊಂದರೆ ಕಾಣಿಸಿದ ದಿನಾಂಕ ಬೇಕಾಗುತ್ತವೆ. ಆದುದರಿಂದ ಖಾಲಿಯಾದ ಡಬ್ಬಿಯನ್ನು ಎಸೆಯದೆ ಇಟ್ಟುಕೊಳ್ಳಬೇಕು.