ದೋಟಿಗೂ ಹಾಯಿದೋಣಿಗೂ ಏನು ಸಂಬಂಧ?

ನಮ್ಮ ಬಾಳೂರಿನಲ್ಲಿ ಸಮುದ್ರ ಇಲ್ಲ. ಆದರೂ ಹಾಯಿದೋಣಿಯ ಕಂಬ ರಿಪೇರಿ ಮಾಡುವ ವಿಧಾನವನ್ನು ನಾನು ನಮ್ಮ ಮನೆ ಜಗುಲಿಯಲ್ಲೇ ಕಲಿತೆ.

ಜುಲೈನಲ್ಲಿ ಅಡಿಕೆಗೆ ಎರಡನೇ ಸಲ ಔಷಧಿ ಹೊಡೆಯುವಾಗ ನಮ್ಮ ಕಾರ್ಬನ್ ಫೈಬರ್ ದೋಟಿಯ ತುದಿ ಕೊಳವೆ ಟಪ್ ಅಂತ ಮುರೀತು. ಹಿಂದಿನ ದಿನ ಅದನ್ನು ಕಲ್ಲಿನ ಮೇಲೆ ಬೀಳಿಸಿದ್ದು ನಾನೇ. ಕೂದಲಷ್ಟು ಬಿರುಕು ಕಂಡಿತ್ತು, ಹೆದರಿ ಹೇಳಲಿಲ್ಲ. ಮರ ಹತ್ತುವವರೂ ಸಿಗಲಿಲ್ಲ. ಬೋರ್ಡೋ ದ್ರಾವಣ ತಡವಾದರೆ ಕೊಳೆರೋಗ ಬಂದು ಕಾಯಿ ಉದುರುತ್ತದೆ. ಅಪ್ಪ ಬೈಯಲಿಲ್ಲ, ಸುಮ್ಮನೆ ಕೂತರು. ಅದೇ ಕಷ್ಟ.

ಮಲ್ಪೆಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವ ನನ್ನ ಸೋದರಮಾವ ಬಂದರು. "ರೇಸಿನ ಹಾಯಿದೋಣಿಯ ಕೂವೆಕಂಬವೂ ಇದರದ್ದೇ ಕಣೇ" ಅಂದರು. 2018ರಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಒಬ್ಬರೇ ಭೂಮಿ ಸುತ್ತುವಾಗ ಬಿರುಗಾಳಿಗೆ ದೋಣಿಯ ಕೂವೆ ಮುರಿದು, ಬೆನ್ನಿಗೆ ಪೆಟ್ಟಾಗಿ, ಹಿಂದೂ ಮಹಾಸಾಗರದಲ್ಲಿ ಮೂರು ದಿನ ಬಿದ್ದಿದ್ದರಂತೆ. 2023ರಲ್ಲಿ ಅದೇ ಸ್ಪರ್ಧೆಯಲ್ಲಿ ಎರಡನೆಯವರಾದರು!

ಕಾರ್ಬನ್ ಎಳೆ ಕೂದಲಿಗಿಂತ ಸಣ್ಣ. ಎಳೆದರೆ ಬಹಳ ಗಟ್ಟಿ. ಎಪಾಕ್ಸಿ ಎಂಬ ಅಂಟು ಎಳೆಗಳನ್ನು ಹಿಡಿದಿಡುತ್ತದೆ. ಮುರಿದಾಗ ಎಳೆಗಳೇ ತುಂಡಾಗುತ್ತವೆ, ಆದ್ದರಿಂದ ಬರೀ ಅಂಟು ಹಚ್ಚಿ ಕೂರಿಸಿದರೆ ಪ್ರಯೋಜನವಿಲ್ಲ. ಹೊಸ ಎಳೆಗಳು ಬಿರುಕನ್ನು ದಾಟಿ ಎರಡೂ ಕಡೆ ಹಿಡಿಯಬೇಕು.

ಮೊದಲು ಒಲೆಯ ಹತ್ತಿರ ಕೊಳವೆ ಒಣಗಿಸಿದೆವು. ತೇವ ಇದ್ದರೆ ಅಂಟು ಹಿಡಿಯಲ್ಲ. ಆಮೇಲೆ ಮೂಗಿಗೆ ಟವೆಲ್ ಕಟ್ಟಿಕೊಂಡು ಮೇಲ್ಮೈಯನ್ನು ಉಜ್ಜಿ ಒರಟು ಮಾಡಿದೆವು. (ಆ ಪುಡಿ ಮೈಗೆ ತಾಗಿ ಎರಡು ದಿನ ತುರಿಸಿತು.) ಒಳಗೆ ಸರಿಯಾಗಿ ಕೂರುವ ಒಂದು ಗೇಣು ಫೈಬರ್ ಕೋಲಿಗೆ ಅಂಟು ಹಚ್ಚಿ ತೂರಿಸಿ, ಎರಡು ತುಂಡನ್ನೂ ನೇರವಾಗಿ ಸೇರಿಸಿದರು. ಹೊರಗೆ ಎಪಾಕ್ಸಿಯಲ್ಲಿ ನೆನೆಸಿದ ಗಾಜಿನ ಎಳೆಯ ಬಟ್ಟೆ ನಾಲ್ಕು ಪದರ. ಒಂದಕ್ಕಿಂತ ಒಂದು ಅಗಲ. ಯಾಕೆಂದರೆ ದಪ್ಪ ಒಮ್ಮೆಲೇ ನಿಂತರೆ ಆ ಅಂಚಿನಲ್ಲೇ ಮತ್ತೆ ಮುರಿಯುತ್ತದೆ. ಕೂವೆಗೂ ಇದೇ ಲೆಕ್ಕ, ಅಳತೆ ಮಾತ್ರ ದೊಡ್ಡದು.

ಮಳೆ ಚಳಿಗೆ ಅಂಟು ಬೇಗ ಗಟ್ಟಿಯಾಗಲ್ಲ, ಅದಕ್ಕೆ ರಾತ್ರಿಯಿಡೀ ಪಕ್ಕದಲ್ಲಿ ಬಲ್ಬ್ ಉರಿಸಿದೆವು. ಕರೆಂಟ್ ಎರಡು ಸಲ ಹೋಯಿತು. ಮೂರನೇ ದಿನ ಮಳೆ ಬಿಟ್ಟಾಗ ಔಷಧಿ ಹೊಡೆದರು. ಜೋಡಿಸಿದ ಜಾಗ ದಪ್ಪವಾದ್ದರಿಂದ ತುದಿ ಈಗ ಕೆಳಗಿನ ಕೊಳವೆಯೊಳಗೆ ಪೂರ್ತಿ ಹೋಗಲ್ಲ, ಅಷ್ಟೆ.

ಇನ್ನೊಂದು ವಿಷಯ ಮಾವ ಎರಡು ಸಲ ಹೇಳಿದರು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಗಾಜಿನ ಬಟ್ಟೆ ಸುತ್ತಿದ್ದು ಒಂದು ಗೇಣು ಮಾತ್ರ, ಉಳಿದದ್ದು ಕಾರ್ಬನ್ನೇ. ನಮ್ಮ ತೋಟದ ಮೂಲೆಯಲ್ಲಿ ಲೈನ್ ಹಾದುಹೋಗಿದೆ. ಅಲ್ಲಿನ ಹತ್ತಿಪ್ಪತ್ತು ಮರಗಳಿಗೆ ಅಪ್ಪ ಈ ಸಲ ದೋಟಿ ಎತ್ತಲೇ ಇಲ್ಲ.