ರಸ್ತೆಯಲ್ಲೇ ಒಕ್ಕಣೆ: ಹುಲ್ಲಿನ ಮೇಲೆ ಕಾರು ಜಾರುವುದೇಕೆ?

ಪರಶುರಾಂಪುರ: ಈ ಹೋಬಳಿಯಲ್ಲಿ ಹಿಮ ಬೀಳುವುದಿಲ್ಲ, ಮಳೆಯೇ ಅಪರೂಪ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಆದರೂ ಹಿಮ ಬಿದ್ದ ರಸ್ತೆಯಲ್ಲಿ ಕಾರು ಓಡಿಸುವವರು ಎದುರಿಸುವ ಸಂಕಟವನ್ನು ಇಲ್ಲಿನ ಚಾಲಕರೂ ಪ್ರತಿ ಸುಗ್ಗಿಯಲ್ಲಿ ಎದುರಿಸುತ್ತಾರೆ. ರಾಗಿ, ಹುರುಳಿ, ಸಜ್ಜೆಯ ಕಟಾವು ಮುಗಿಯುತ್ತಿದ್ದಂತೆಯೇ ಹಳ್ಳಿಗಳ ಡಾಂಬರು ರಸ್ತೆಗಳು ಕಣಗಳಾಗಿ ಮಾರ್ಪಡುತ್ತವೆ. ಮೊಣಕಾಲೆತ್ತರಕ್ಕೆ ಹರಡಿದ ಹುಲ್ಲು, ಬಳ್ಳಿಗಳ ಮೇಲೆ ವಾಹನಗಳು ಹಾದು ಹೋಗಬೇಕು. ಹಾದು ಹೋದಷ್ಟೂ ಕಾಳು ಉದುರಬೇಕು ಎಂಬುದು ಲೆಕ್ಕಾಚಾರ.

ಲೆಕ್ಕಾಚಾರವೇನೋ ಸರಿಯಾಗಿಯೇ ಇದೆ. ಆದರೆ ಮೇಲೆ ಹಾಯುವ ಕಾರಿನ ಪಾಡೇನು ಎಂಬುದನ್ನು ಯೋಚಿಸುವವರು ಕಡಿಮೆ.

ಯಾವುದೇ ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಟೈರಿನ ಕೆಳಗೂ ಹೆಚ್ಚೆಂದರೆ ಅಂಗೈ ಅಗಲದಷ್ಟು ಜಾಗ. ಮುಂದಕ್ಕೆ ಎಳೆಯುವುದು, ತಿರುಗಿಸುವುದು, ನಿಲ್ಲಿಸುವುದು ಎಲ್ಲವೂ ಈ ನಾಲ್ಕು ಅಂಗೈಗಳ ಹಿಡಿತದಿಂದಲೇ ನಡೆಯಬೇಕು. ಒಣ ಡಾಂಬರಿನ ಮೇಲೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ಕಾರು, ಬ್ರೇಕ್ ಒತ್ತಿದ ಬಳಿಕ ಸುಮಾರು 20 ಮೀಟರ್‌ನಲ್ಲಿ ನಿಲ್ಲುತ್ತದೆ. ಗಟ್ಟಿಯಾಗಿ ತುಳಿದ ಹಿಮದ ಮೇಲೆ ಹಿಡಿತ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುವುದರಿಂದ ಅದೇ ಕಾರಿಗೆ 55 ಮೀಟರ್‌ಗೂ ಹೆಚ್ಚು ದೂರ ಬೇಕು. 2024ರ ಡಿಸೆಂಬರ್‌ನಲ್ಲಿ ಮನಾಲಿ ಬಳಿಯ ಸೋಲಂಗ್ ಕಣಿವೆಯಲ್ಲಿ ನೂರಾರು ಪ್ರವಾಸಿ ವಾಹನಗಳು ಸಿಲುಕಿಕೊಂಡಾಗ ಚಕ್ರಗಳು ನಿಂತಲ್ಲೇ ಸುತ್ತಿದ್ದಕ್ಕೂ ಇದೇ ಕಾರಣ.

ಹುಲ್ಲಿನ ಮೇಲೂ ಆಗುವುದು ಹೆಚ್ಚುಕಡಿಮೆ ಇದೇ. ರಬ್ಬರಿಗೂ ಡಾಂಬರಿಗೂ ನಡುವೆ ಸಡಿಲವಾದ ಒಂದು ಪದರ ಸೇರಿಕೊಳ್ಳುತ್ತದೆ. ಟೈರು ಹುಲ್ಲನ್ನು ಹಿಡಿದುಕೊಂಡರೂ ಹುಲ್ಲು ರಸ್ತೆಯನ್ನು ಹಿಡಿದುಕೊಳ್ಳುವುದಿಲ್ಲ. ನುಣುಪಾದ ಹುಲ್ಲಿನ ಕೆಳಗೆ ಉದುರಿದ ರಾಗಿ ಕಾಳುಗಳು ಬೇರಿಂಗಿನ ಗುಂಡುಗಳಂತೆ ಉರುಳುತ್ತವೆ. ಒಂದು ವಿಷಯದಲ್ಲಂತೂ ನಮ್ಮ ಹುಲ್ಲು ಹಿಮಕ್ಕಿಂತ ಕೆಟ್ಟದ್ದು. ಶೀತದೇಶಗಳ ಚಳಿಗಾಲದ ಟೈರುಗಳ ಗೀರುಗಳಲ್ಲಿ ಹಿಮ ತುಂಬಿಕೊಂಡು, ಆ ಹಿಮವೇ ರಸ್ತೆಯ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಹುಲ್ಲು ಹಾಗೆ ಕಚ್ಚುವುದಿಲ್ಲ. ಎಷ್ಟು ಬೆಲೆಯ ಟೈರು ಹಾಕಿಸಿದರೂ ಹುಲ್ಲಿನ ಮೇಲೆ ಹೆಚ್ಚಿನ ಪ್ರಯೋಜನವಿಲ್ಲ.

ಕಾರಿನಿಂದ ಕಾರಿಗೆ ವ್ಯತ್ಯಾಸವಿದೆ. ಆಲ್ಟೊ, ಸ್ವಿಫ್ಟ್, ವ್ಯಾಗನ್-ಆರ್‌ಗಳಲ್ಲಿ ಎಂಜಿನ್ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುತ್ತದೆ. ಎಂಜಿನ್ನಿನ ಭಾರವೂ ಅವುಗಳ ಮೇಲೆಯೇ ಇರುವುದರಿಂದ ಎಳೆತ ಒಂದಿಷ್ಟು ಉತ್ತಮ. ಬೊಲೆರೊದಂತಹ ಹಿಂಬದಿ ಚಾಲನೆಯ ವಾಹನ ಖಾಲಿ ಇದ್ದಾಗ ಹಿಂಭಾಗ ಹಗುರಾಗಿರುತ್ತದೆ. ಹುಲ್ಲಿನ ಮೇಲೆ ಆಕ್ಸಿಲರೇಟರ್ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಸರಿಯಬಹುದು. ಹಾಗೆಂದು ಸಣ್ಣ ಕಾರಿನವರು ನಿಶ್ಚಿಂತರಾಗಿರುವಂತಿಲ್ಲ. ನೆಲದಿಂದ ಅವುಗಳ ತಳಕ್ಕೆ ಇರುವ ಅಂತರ 16ರಿಂದ 17 ಸೆಂ.ಮೀ. ಮಾತ್ರ. ಹುಲ್ಲಿನ ರಾಶಿ ಅದಕ್ಕಿಂತ ಎತ್ತರವಿದ್ದರೆ ಕಾರಿನ ಹೊಟ್ಟೆಯೇ ಅದರ ಮೇಲೆ ಕೂರುತ್ತದೆ.

ಅತ್ಯಂತ ಅಪಾಯಕಾರಿಯಾದುದು ಅರ್ಧ ರಸ್ತೆಯ ಒಕ್ಕಣೆ. ಸಂಚಾರಕ್ಕೆ ತೊಂದರೆಯಾಗದಿರಲಿ ಎಂಬ ಸದುದ್ದೇಶದಿಂದ ರೈತರು ಎಡಭಾಗದಲ್ಲಷ್ಟೇ ಹುಲ್ಲು ಹರಡಿ ಬಲಭಾಗ ಬಿಟ್ಟಿರುತ್ತಾರೆ. ಚಾಲಕ ಎರಡು ಚಕ್ರಗಳನ್ನು ಹುಲ್ಲಿನ ಮೇಲೆ, ಎರಡನ್ನು ಡಾಂಬರಿನ ಮೇಲೆ ಇಟ್ಟು ಸಾಗುತ್ತಾನೆ. ಆಗ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಬಲ ಚಕ್ರಗಳು ಹಿಡಿಯುತ್ತವೆ, ಎಡ ಚಕ್ರಗಳು ಜಾರುತ್ತವೆ. ಕಾರಿನ ಮೂತಿ ಹಿಡಿತವಿರುವ ಕಡೆಗೆ, ಅಂದರೆ ಬಲಕ್ಕೆ, ಎದುರಿನಿಂದ ಬರುವ ವಾಹನದತ್ತ ತಿರುಗುತ್ತದೆ. ಚಾಲಕನಿಗೆ ತನ್ನ ತಪ್ಪೇನೆಂದು ತಿಳಿಯುವುದರೊಳಗೆ ಎಲ್ಲವೂ ಮುಗಿದಿರುತ್ತದೆ.

ಚಕ್ರಗಳು ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಕಡ್ಡಾಯವಾಗಿದೆ. ಈ ತಿರುಗುವಿಕೆಯನ್ನು ಅದು ತಕ್ಕಮಟ್ಟಿಗೆ ತಡೆಯುತ್ತದೆ, ಸ್ಟೀರಿಂಗ್ ಕೈಕೊಡದಂತೆ ನೋಡಿಕೊಳ್ಳುತ್ತದೆ. ಆದರೆ ಇಲ್ಲದ ಹಿಡಿತವನ್ನು ಅದು ಸೃಷ್ಟಿಸಲಾರದು. ಸಡಿಲ ಹಿಮ, ಜಲ್ಲಿಗಳ ಮೇಲೆ ಎಬಿಎಸ್ ಇರುವ ಕಾರು ನಿಲ್ಲಲು ಇನ್ನೂ ಹೆಚ್ಚು ದೂರ ಬೇಕಾಗುವುದುಂಟು. ನಮ್ಮ ಭಾಗದ ರಸ್ತೆಗಳಲ್ಲಿ ಎಬಿಎಸ್ ಇಲ್ಲದ ಹಳೆಯ ಕಾರುಗಳೂ ಸಾಕಷ್ಟಿವೆ ಎಂಬುದನ್ನು ಮರೆಯುವಂತಿಲ್ಲ.

ಹಿಮಕ್ಕಿಲ್ಲದ ಇನ್ನೊಂದು ಗುಣ ಹುಲ್ಲಿಗಿದೆ: ಅದು ಉರಿಯುತ್ತದೆ. ಉದ್ದನೆಯ ಹುರುಳಿ ಬಳ್ಳಿ ತಿರುಗುವ ಆಕ್ಸಲ್‌ಗೆ ಹಗ್ಗದಂತೆ ಸುತ್ತಿಕೊಂಡು ಉಜ್ಜತೊಡಗುತ್ತದೆ. ಸೈಲೆನ್ಸರ್ ಕೊಳವೆ, ಹೊಗೆ ಶುದ್ಧೀಕರಿಸುವ ಕನ್ವರ್ಟರ್‌ಗಳು ನೂರಾರು ಡಿಗ್ರಿ ಕಾದಿರುತ್ತವೆ. ಒಣಗಿದ ಸಿಪ್ಪೆಗೆ ಕಿಡಿಯೂ ಬೇಕಿಲ್ಲ. ಹುಲ್ಲಿನ ಮೇಲೆ ಕಾರು ನಿಲ್ಲಿಸಿ ಎಂಜಿನ್ ಚಾಲೂ ಇಟ್ಟು ಮಾತನಾಡುತ್ತಾ ನಿಲ್ಲುವುದಕ್ಕಿಂತ ದೊಡ್ಡ ಅವಿವೇಕ ಮತ್ತೊಂದಿಲ್ಲ.

ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲ. ಸಾರ್ವಜನಿಕ ದಾರಿಗೆ ಅಡ್ಡಿಪಡಿಸುವುದಕ್ಕೆ ಹಿಂದಿನ ಭಾರತೀಯ ದಂಡ ಸಂಹಿತೆಯಲ್ಲಿ ಗರಿಷ್ಠ ದಂಡ 200 ರೂಪಾಯಿ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಅದನ್ನು 5 ಸಾವಿರ ರೂಪಾಯಿಗೆ ಏರಿಸಿದೆ. ಆದರೆ ದಂಡದಿಂದಷ್ಟೇ ಬಗೆಹರಿಯುವ ವಿಷಯ ಇದಲ್ಲ. ಕಣ ಮಾಡಲು ನೆಲ ಕೆತ್ತಿ, ನೀರು ಹಾಕಿ, ಸಗಣಿ ಸಾರಿಸಿ, ಕಲ್ಲಿನ ಗುಂಡು ಎಳೆಯಲು ಎತ್ತುಗಳಿರಬೇಕು. ಎತ್ತು ಸಾಕುವವರೇ ವಿರಳವಾಗಿದ್ದಾರೆ. ಒಕ್ಕಣೆ ಯಂತ್ರಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಎರಡೆಕರೆ ಹುರುಳಿ ಬೆಳೆದವನಿಗೆ ಅದು ಗಿಟ್ಟುವುದಿಲ್ಲ. ಉದ್ಯೋಗ ಖಾತ್ರಿ ಯೋಜನೆಯಡಿ ಒಕ್ಕಣೆ ಕಣ ನಿರ್ಮಿಸಲು ಅವಕಾಶ ನೀಡಲಾಗಿತ್ತು. ಊರಿಗೊಂದು ಕಣವಿದ್ದರೂ ಸುಗ್ಗಿ ಎಲ್ಲರಿಗೂ ಒಂದೇ ವಾರದಲ್ಲಿ ಬರುವುದರಿಂದ ಸರದಿಗಾಗಿ ಕಾಯುವ ತಾಳ್ಮೆ, ಅದರಲ್ಲೂ ಮೋಡ ಕವಿದಾಗ, ಯಾರಿಗಿರುತ್ತದೆ?

ಹೀಗಾಗಿ ಸದ್ಯಕ್ಕೆ ಎಚ್ಚರಿಕೆ ಚಾಲಕನದೇ ಆಗಬೇಕಾಗಿದೆ. ಹುಲ್ಲು ಕಂಡ ಕೂಡಲೇ, ಇನ್ನೂ ಡಾಂಬರಿನ ಮೇಲಿರುವಾಗಲೇ ವೇಗವನ್ನು 20 ಕಿ.ಮೀ.ಗೆ ಇಳಿಸಿ, ಎರಡನೇ ಗೇರಿಗೆ ಬರಬೇಕು. ಹುಲ್ಲಿನ ಮೇಲೆ ಸ್ಟೀರಿಂಗ್ ನೇರವಾಗಿರಲಿ. ಬ್ರೇಕ್ ಮುಟ್ಟದೆ ಎಂಜಿನ್ನಿನ ತಡೆಯಲ್ಲೇ ಸಾಗುವುದು ಕ್ಷೇಮ. ರಾತ್ರಿಯಾದರೆ ರಾಶಿಯ ಸುತ್ತ ಗುರುತಿಗೆಂದು ಇಟ್ಟ ಕಲ್ಲುಗಳೂ ಇರುತ್ತವೆ, ರಾಶಿ ಎತ್ತಿದ ಮೇಲೂ ಅವು ಅಲ್ಲೇ ಉಳಿಯುವುದುಂಟು. ದ್ವಿಚಕ್ರ ವಾಹನ ಸವಾರರು ಇಳಿದು ತಳ್ಳಿಕೊಂಡು ಹೋಗುವುದೇ ಲೇಸು.

ಸುಟ್ಟ ವಾಸನೆ ಬಂದರೆ ಹುಲ್ಲು ದಾಟಿ ಬರಿ ನೆಲದ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಕೆಳಗಿಳಿಸಿ ದೂರ ಕಳುಹಿಸಬೇಕು. ಹೊಗೆ ಕಾಣುತ್ತಿದ್ದರೆ ಬಾನೆಟ್ ಎತ್ತಬಾರದು. ಗಾಳಿ ನುಗ್ಗಿದರೆ ಉರಿ ಏಳುತ್ತದೆ. ಏನೂ ಆಗದಿದ್ದರೂ ಊರು ತಲುಪುವ ಮುನ್ನ ಒಮ್ಮೆ ಬಗ್ಗಿ ತಳ ನೋಡಿಕೊಳ್ಳಬೇಕು. ಬಿಗಿಯಾಗಿ ಸುತ್ತಿಕೊಂಡ ಬಳ್ಳಿ ಕೈಗೆ ಬರುವುದಿಲ್ಲ, ಕಾರು ತಣ್ಣಗಾದ ಮೇಲೆ ಕತ್ತರಿಸಿಯೇ ತೆಗೆಯಬೇಕು. ಅದಕ್ಕೆ ಬೇಕಾದ ಕುಡುಗೋಲು ಮಾತ್ರ ರಸ್ತೆ ಬದಿಯಲ್ಲಿ ರಾಶಿ ತೂರುತ್ತಿರುವವರ ಬಳಿ ಇದ್ದೇ ಇರುತ್ತದೆ.