ಕ್ಯಾಮ್ ಕೂರಿಸುವಾಗ ಒಂದು ಹಲ್ಲು ತಪ್ಪಿದರೆ

ಬೈಕ್ ಎಂಜಿನ್ನಿಗೆ ಇನ್ನಷ್ಟು ಪವರ್ ಬೇಕು ಅಂದ ಕೂಡಲೇ ಮೆಕ್ಯಾನಿಕಲ್ ಹುಡುಗರ ಬಾಯಲ್ಲಿ ಬರೋ ಮಾತು ‘ಕ್ಯಾಮ್ ಬದಲಿಸೋಣ’. ಅದು ಮನೆಯ ಹಳೇ ಸ್ಪ್ಲೆಂಡರ್ ಇರಬಹುದು, ಫಾರ್ಮುಲಾ ಭಾರತ್‌ನಂಥ ಸ್ಪರ್ಧೆಗೆ ಕಾರು ಕಟ್ಟೋ ವಿದ್ಯಾರ್ಥಿ ತಂಡಗಳು ಬಳಸೋ ಕೆಟಿಎಂ 390 ಇರಬಹುದು. ಯಾವ ಕ್ಯಾಮ್ ಹಾಕಬೇಕು ಅನ್ನೋದಕ್ಕೆ ಗಂಟೆಗಟ್ಟಲೆ ಚರ್ಚೆ ನಡೀತದೆ. ಕೂರಿಸೋ ವಿಷಯ ಬಂದಾಗ ಮಾತ್ರ ‘ಮಾರ್ಕ್ ಕೂಡಿಸಿದ್ರ ಆತು’ ಅಂತ ಮುಗಿಸಿಬಿಡ್ತೀವಿ.

ಕಂಪನಿಯಿಂದ ಬಂದ ಹಾಗೇ ಇರೋ ಎಂಜಿನ್ನಿಗೆ ಆ ಮಾತು ಸರಿ. ಹಾವೇರಿ ಪಿ.ಬಿ. ರೋಡಿನ ಯಾವ ಗ್ಯಾರೇಜಿನಲ್ಲಾದರೂ ಮಾರ್ಕ್ ನೋಡಿಯೇ ಟೈಮಿಂಗ್ ಚೈನ್ ಹಾಕ್ತಾರೆ, ಗಾಡಿ ಚೆನ್ನಾಗೇ ಓಡ್ತದೆ. ಆದರೆ ನಾವು ಕ್ಯಾಮ್ ಬದಲಿಸಿ, ಹೆಡ್ ಪ್ಲೇನ್ ಮಾಡಿಸಿ, ಗ್ಯಾಸ್ಕೆಟ್ ತೆಳು ಮಾಡಿದ ಮೇಲೆ ಹಳೇ ಮಾರ್ಕ್ ಬರೀ ಅಂದಾಜು. ಅಲ್ಲಿಂದ ಮುಂದೆ ಅಳತೆಯನ್ನೇ ನಂಬಬೇಕು.

ಒಂದು ಹಲ್ಲಿನ ಲೆಕ್ಕ

ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಕ್ಯಾಮ್ ಸ್ಪ್ರಾಕೆಟ್‌ಗೆ 28 ಹಲ್ಲು ಅಂತ ಇಟ್ಟುಕೊಳ್ಳಿ. ಒಂದು ಹಲ್ಲು ಅಂದರೆ 360 ÷ 28, ಸುಮಾರು 12.9 ಡಿಗ್ರಿ. ಕ್ರ್ಯಾಂಕ್ ಲೆಕ್ಕದಲ್ಲಿ ಅದರ ಎರಡರಷ್ಟು, ಸುಮಾರು 25.7 ಡಿಗ್ರಿ. ಇನ್‌ಟೇಕ್ ವಾಲ್ವ್ ಬಿಡಿಸಿ ದಾಟಿ 40 ಡಿಗ್ರಿಗೆ ಮುಚ್ಚಬೇಕಿದ್ದದ್ದು, ಒಂದು ಹಲ್ಲು ತಡವಾದರೆ 66ರ ಹತ್ತಿರ ಮುಚ್ತದೆ. ಅಷ್ಟರಲ್ಲಿ ಪಿಸ್ಟನ್ ಮೇಲೇರುತ್ತಾ ಒಳಗೆಳೆದ ಗಾಳಿಯಲ್ಲಿ ಒಂದಿಷ್ಟನ್ನು ಹೊರಗೇ ತಳ್ಳಿರ್ತದೆ.

ಆಗ ಸ್ಟಾರ್ಟಿಂಗ್ ಕಷ್ಟ, ಪಿಕಪ್ ಇಲ್ಲ, ಕಂಪ್ರೆಷನ್ ಗೇಜ್‌ನಲ್ಲಿ ಒತ್ತಡ ಕಡಿಮೆ. ‘ರಿಂಗ್ ಹೋಗಿದೆ’ ಅಂತ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ, ಅದೇ ತಪ್ಪು ಟೈಮಿಂಗ್‌ನಲ್ಲೇ ಮತ್ತೆ ಎಂಜಿನ್ ಕಟ್ಟಿದರೆ ದುಡ್ಡೂ ಹೋಯ್ತು, ಸೆಮಿಸ್ಟರೂ ಹೋಯ್ತು. ಕ್ಯಾಮ್ ಬದಲಿಸಿದ ಮೇಲೆ ಕಂಪ್ರೆಷನ್ ಕಡಿಮೆ ಬಂದರೆ ಮೊದಲು ಟೈಮಿಂಗ್ ನೋಡಿ, ಆಮೇಲೆ ಬೋರ್.

ತಪ್ಪು ಎಲ್ಲೆಲ್ಲಿ ಆಗ್ತದೆ?

ಮೊದಲನೆಯದು ಮ್ಯಾಗ್ನೆಟ್ ಮೇಲಿನ ಗುರುತು. ಅಲ್ಲಿ ‘ಟಿ’ ಮತ್ತು ‘ಎಫ್’ ಎರಡೂ ಇರ್ತವೆ. ಟಿ ಅಂದರೆ ಪಿಸ್ಟನ್ ತುದಿಗೆ ಬಂದ ಜಾಗ, ಅಂದರೆ ಟಿಡಿಸಿ. ಎಫ್ ಅಂದರೆ ಅದಕ್ಕೂ ಕೆಲವು ಡಿಗ್ರಿ ಮೊದಲು ಕಿಡಿ ಬೀಳೋ ಜಾಗ. ಎಫ್ ಇಟ್ಟುಕೊಂಡು ಕ್ಯಾಮ್ ಕೂರಿಸಲು ಹೋದರೆ ಸ್ಪ್ರಾಕೆಟ್ ಗುರುತು ನೆಟ್ಟಗೆ ಕೂರೋದಿಲ್ಲ. ಅದನ್ನ ನೆಟ್ಟಗೆ ಮಾಡೋಕೆ ಚೈನ್ ಒಂದು ಹಲ್ಲು ದಾಟಿಸ್ತೀವಿ, ತಪ್ಪು ಅಲ್ಲೇ ಹುಟ್ತದೆ.

ಎರಡನೆಯದು ಚೈನಿನ ಸಡಿಲು. ಕ್ರ್ಯಾಂಕ್ ಎಳೆಯೋ ಬದಿ ಬಿಗಿಯಾಗಿರಬೇಕು, ಸಡಿಲೆಲ್ಲ ಟೆನ್ಷನರ್ ಬದಿಗೆ ಬರಬೇಕು. ಎಳೆಯೋ ಬದಿಯಲ್ಲೇ ಸಡಿಲು ಉಳಿದರೆ ಮಾರ್ಕ್ ಸರಿ ಕಾಣ್ತದೆ, ಎಂಜಿನ್ ತಿರುಗಿದ ಕೂಡಲೇ ಕ್ಯಾಮ್ ಹಿಂದೆ ಬೀಳ್ತದೆ. ಆದ್ದರಿಂದ ಟೆನ್ಷನರ್ ಹಾಕಿ, ಎಂಜಿನ್ ಓಡೋ ದಿಕ್ಕಿನಲ್ಲೇ ಕ್ರ್ಯಾಂಕನ್ನು ಪಾನಾದಿಂದ ಎರಡು ಸುತ್ತು ತಿರುಗಿಸಿ ಮತ್ತೆ ಗುರುತು ನೋಡಿ. ಪ್ಲಗ್ ಬಿಚ್ಚಿಟ್ಟಿರಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಾಯ ಮಾಡಬೇಡಿ. ವಾಲ್ವ್ ಪಿಸ್ಟನ್ನಿಗೆ ತಾಗಿರಬಹುದು. ಕೈಯಲ್ಲಿ ತಿರುಗಿಸಿದಾಗ ಉಳಿಯೋ ವಾಲ್ವ್ ಸೆಲ್ಫ್ ಒತ್ತಿದರೆ ಬಾಗ್ತದೆ.

ಮೂರನೆಯದು ಹೆಡ್ ಪ್ಲೇನ್ ಮಾಡಿಸೋದು. ಹೆಡ್ ಕೆಳಗಿಳಿದರೆ ಕ್ರ್ಯಾಂಕಿಗೂ ಕ್ಯಾಮಿಗೂ ನಡುವಿನ ಅಂತರ ಕಡಿಮೆಯಾಗಿ ಕ್ಯಾಮ್ ತಡವಾಗ್ತದೆ. 6.35 ಮಿ.ಮೀ. ಪಿಚ್ಚಿನ ಚೈನ್, 28 ಹಲ್ಲಿನ ಸ್ಪ್ರಾಕೆಟ್ ಇದ್ದು 0.5 ಮಿ.ಮೀ. ತೆಗೆಸಿದರೆ ಕ್ಯಾಮ್ ಸುಮಾರು 1 ಡಿಗ್ರಿ, ಅಂದರೆ ಕ್ರ್ಯಾಂಕ್ ಲೆಕ್ಕದಲ್ಲಿ 2 ಡಿಗ್ರಿ ಹಿಂದೆ. ಸಣ್ಣದು ನಿಜ, ಆದರೆ ಮಾರ್ಕ್ ನೋಡಿ ಇದು ಗೊತ್ತಾಗೋದೇ ಇಲ್ಲ.

ಕೆಟಿಎಂ 390 ತರಹ ಎರಡು ಕ್ಯಾಮ್ ಇರೋ ಹೆಡ್‌ನಲ್ಲಿ ಇನ್‌ಟೇಕ್ ಸರಿ ಇದ್ದು ಎಕ್ಸಾಸ್ಟ್ ಮಾತ್ರ ತಪ್ಪಬಹುದು. ಎರಡನ್ನೂ ಬೇರೆ ಬೇರೆ ನೋಡಬೇಕು.

ಡಿಗ್ರಿ ಹಾಕಿ ನೋಡೋದು

ಇದಕ್ಕೆ ಬೇಕಾದದ್ದು ಕ್ರ್ಯಾಂಕಿಗೆ ಹಾಕೋ ಡಿಗ್ರಿ ಚಕ್ರ, ಒಂದು ಡಯಲ್ ಗೇಜ್, ಒಂದು ಪಿಸ್ಟನ್ ಸ್ಟಾಪ್. ಹಳೇ ಪ್ಲಗ್‌ನ ಪಿಂಗಾಣಿ ತೆಗೆದು ಬೋಲ್ಟ್ ಕೂರಿಸಿಕೊಡಿ ಅಂದರೆ ರಾಣೇಬೆನ್ನೂರಿನ ಲೇತ್ ಅಂಗಡಿಯಲ್ಲೂ ಪಿಸ್ಟನ್ ಸ್ಟಾಪ್ ಮಾಡಿಕೊಡ್ತಾರೆ.

ಟಿಡಿಸಿ ಹತ್ತಿರ ಪಿಸ್ಟನ್ ಅಲುಗಾಡದೆ ನಿಂತಂತೆ ಇರ್ತದೆ, ಕಣ್ಣಂದಾಜು ನಡೆಯೋಲ್ಲ. ಸ್ಟಾಪ್ ಹಾಕಿ ಎರಡೂ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಒಂದು ಕಡೆ 31, ಇನ್ನೊಂದು ಕಡೆ 35 ಬಂದರೆ ಎರಡೂ 33 ಬರೋ ಹಾಗೆ ಚಕ್ರ ಸರಿಸಿ. ಈಗ ಸೊನ್ನೆ ನಿಜವಾದ ಟಿಡಿಸಿ. ಸ್ಟಾಪ್ ತೆಗೆಯೋದು ಮರೀಬೇಡಿ.

ಮುಂದೆ ಡಯಲ್ ಗೇಜನ್ನು ಇನ್‌ಟೇಕ್ ವಾಲ್ವಿನ ರಿಟೇನರ್ ಮೇಲೆ ಇಟ್ಟು ಪೂರ್ತಿ ಲಿಫ್ಟ್‌ನಲ್ಲಿ ಸೊನ್ನೆ ಮಾಡಿ. ಕ್ಯಾಮ್ ಮೂಗು ಚಪ್ಪಟೆ ಇರೋದರಿಂದ ತುದಿಯನ್ನೇ ಓದಿದರೆ ತಪ್ಪಾಗ್ತದೆ. ತುದಿಗೆ 1.27 ಮಿ.ಮೀ. ಮೊದಲು ಮತ್ತು ಅಷ್ಟೇ ಇಳಿದ ಮೇಲೆ ಚಕ್ರ ಓದಿ. ಟಿಡಿಸಿ ದಾಟಿ 74 ಮತ್ತು 142 ಬಂದರೆ ಸರಾಸರಿ 108. ಕ್ಯಾಮ್ ಜೊತೆ ಬಂದ ಕಾರ್ಡಿನಲ್ಲಿ 104 ಇದ್ದರೆ ನಿಮ್ಮ ಕ್ಯಾಮ್ 4 ಡಿಗ್ರಿ ತಡ. ಇದನ್ನ ಹಲ್ಲು ದಾಟಿಸಿ ಸರಿ ಮಾಡೋಕೆ ಆಗಲ್ಲ, ಬೋಲ್ಟ್ ತೂತು ಉದ್ದ ಇರೋ ಅಡ್ಜಸ್ಟಬಲ್ ಸ್ಪ್ರಾಕೆಟ್ ಬೇಕು. ಓದುವಾಗ ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಿ. ಅಳತೆ ದಾಟಿಹೋದರೆ ತುಂಬಾ ಹಿಂದಕ್ಕೆ ಹೋಗಿ ಮತ್ತೆ ಬನ್ನಿ, ಇಲ್ಲಾಂದ್ರೆ ಚೈನಿನ ಸಡಿಲು ಲೆಕ್ಕ ಕೆಡಿಸ್ತದೆ.

ಪಿಸ್ಟನ್ನಿಗೂ ವಾಲ್ವಿಗೂ ಎಷ್ಟು ಜಾಗ?

ಹೆಚ್ಚು ಲಿಫ್ಟ್ ಇರೋ ಕ್ಯಾಮ್ ಹಾಕಿದರೆ ಇದನ್ನ ಅಳೆಯದೆ ಸ್ಟಾರ್ಟ್ ಮಾಡಲೇಬೇಡಿ. ಪಿಸ್ಟನ್ ಮೇಲೆ ಮಾಡೆಲಿಂಗ್ ಕ್ಲೇ ಇಟ್ಟು, ಹೆಡ್ ಬಿಗಿದು, ಟ್ಯಾಪೆಟ್ ಸರಿ ಮಾಡಿ, ಕೈಯಿಂದ ಎರಡು ಸುತ್ತು ತಿರುಗಿಸಿ ಬಿಚ್ಚಿ. ಕ್ಲೇ ಅತಿ ತೆಳುವಾದ ಕಡೆ ಬ್ಲೇಡಿನಿಂದ ಕತ್ತರಿಸಿ ವರ್ನಿಯರ್‌ನಲ್ಲಿ ಅಳೆಯಿರಿ. ಕಾರ್ ಎಂಜಿನ್‌ಗಳಿಗೆ ರೂಢಿಯಲ್ಲಿರೋ ಸುರಕ್ಷಿತ ಅಂತರ ಇನ್‌ಟೇಕ್‌ಗೆ ಸುಮಾರು 2 ಮಿ.ಮೀ., ಎಕ್ಸಾಸ್ಟ್‌ಗೆ 2.5 ಮಿ.ಮೀ. ಸಣ್ಣ ಬೈಕ್ ಎಂಜಿನ್ನಿಗೆ ಕ್ಯಾಮ್ ತಯಾರಕರು ಕೊಟ್ಟ ಅಂಕಿಯೇ ಪ್ರಮಾಣ. ಕ್ಯಾಮ್ ಮುಂದೆ ಮಾಡಿದರೆ ಇನ್‌ಟೇಕ್ ಅಂತರ, ಹಿಂದೆ ಮಾಡಿದರೆ ಎಕ್ಸಾಸ್ಟ್ ಅಂತರ ಕಡಿಮೆಯಾಗ್ತದೆ. ಹಾಗಾಗಿ ಟೈಮಿಂಗ್ ಬದಲಿಸಿದಾಗಲೆಲ್ಲ ಇದನ್ನ ಮತ್ತೆ ಅಳೆಯಬೇಕು.

ಒಣ ಕ್ಯಾಮ್, ಬಿಗಿ ಬೋಲ್ಟ್

ಟೈಮಿಂಗ್ ಸರಿ ಇದ್ದರೂ ಮೊದಲ ಕೆಲವು ನಿಮಿಷದಲ್ಲೇ ಹೊಸ ಕ್ಯಾಮ್ ಸವೆಯಬಹುದು. ಲೋಬ್‌ಗಳಿಗೆ ಮಾಲಿಬ್ಡಿನಮ್ ಪೇಸ್ಟ್, ಜರ್ನಲ್‌ಗಳಿಗೆ ಆಯಿಲ್ ಹಚ್ಚಿಯೇ ಕೂರಿಸಿ. ಪ್ಲಗ್ ಹಾಕೋ ಮೊದಲು ಆಯಿಲ್ ಹೆಡ್‌ವರೆಗೆ ಬರೋತನಕ ಎಂಜಿನ್ ತಿರುಗಿಸಿ. ಹಳೇ ಅಂಬಾಸಿಡರ್ ತರಹದ ಪುಶ್‌ರಾಡ್ ಎಂಜಿನ್‌ಗಳಲ್ಲಿ ಚಪ್ಪಟೆ ಟ್ಯಾಪೆಟ್ ಇರ್ತವೆ. ಅವಕ್ಕೆ ಹೊಸ ಕ್ಯಾಮ್ ಹಾಕಿದರೆ ಸ್ಟಾರ್ಟ್ ಆದ ಕೂಡಲೇ 2000–2500 ಆರ್‌ಪಿಎಂನಲ್ಲಿ ಸುಮಾರು 20 ನಿಮಿಷ ಓಡಿಸೋದು ರೂಢಿ. ಐಡಲ್‌ನಲ್ಲಿ ಬಿಟ್ಟರೆ ಕ್ರ್ಯಾಂಕಿನಿಂದ ಸಿಡಿಯೋ ಆಯಿಲ್ ಲೋಬ್‌ಗಳಿಗೆ ಸಾಲೋದಿಲ್ಲ.

ಕ್ಯಾಮ್ ಕ್ಯಾಪ್‌ಗಳ ನಂಬರ್, ಬಾಣದ ಗುರುತು ನೋಡಿಯೇ ಹಾಕಿ. ಹೆಡ್ ಜೊತೆ ಕೂಡಿಸಿಯೇ ಅವನ್ನು ಕೊರೆದಿರ್ತಾರೆ, ಅದಲುಬದಲಾದರೆ ಕ್ಯಾಮ್ ಹಿಡಿದುಬಿಡ್ತದೆ. ಬೋಲ್ಟುಗಳನ್ನು ಮ್ಯಾನುವಲ್ ಹೇಳಿದ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ, ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಅಲ್ಯೂಮಿನಿಯಂ ಥ್ರೆಡ್ ಕೈಬಲ ತಡೆಯೋಲ್ಲ.

ಇಷ್ಟೆಲ್ಲ ಮಾಡೋಕೆ ಒಂದು ಸಂಜೆ ಸಾಕು. ಟಿಡಿಸಿ, ಸೆಂಟರ್‌ಲೈನ್, ಕ್ಲೇ ದಪ್ಪ, ಟ್ಯಾಪೆಟ್ ಗ್ಯಾಪ್, ಈ ನಾಲ್ಕು ಅಂಕಿಗಳನ್ನು ತಂಡದ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಮುಂದಿನ ವರ್ಷ ಅದೇ ಎಂಜಿನ್ ಬಿಚ್ಚೋ ಜೂನಿಯರ್‌ಗಳು ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಗಲ್ಲ.